ಗಾಳಿ ನೋಡಿ ತಿಂಗಳು, ತಿಂಗಳು ನೋಡಿ ಜಾಗ: ಭಿತರ್‌ಕನಿಕಾ, ಚಿಲಿಕಾ, ಕೋಡಿಯಕ್ಕರೈ ಮೂರರಲ್ಲಿ ಆರಿಸಿಕೊಳ್ಳುವುದು ಹೇಗೆ

ಬಂಗಾಳ ಕೊಲ್ಲಿಯ ದಂಡೆಯಲ್ಲಿರುವ ವನ್ಯಧಾಮಗಳಿಗೆ ಹೊರಡುವವರು ಮೊದಲು ಕೇಳುವುದು ಅಲ್ಲಿ ಏನೇನು ಕಾಣಸಿಗುತ್ತದೆ ಎಂದು. ಗೇಟು ಯಾವಾಗ ಮುಚ್ಚಿರುತ್ತದೆ ಎಂದು ವಿಚಾರಿಸುವವರು ಕಡಿಮೆ. ವಲಸೆ ಹಕ್ಕಿಗಳು ಅಕ್ಟೋಬರ್‌ನಿಂದ ಬಂದಿಳಿಯತೊಡಗುತ್ತವೆ. ಕೊಲ್ಲಿಯಲ್ಲಿ ಚಂಡಮಾರುತ ಏಳುವ ಮುಖ್ಯ ಕಾಲವೂ ಅಕ್ಟೋಬರ್‌ನಿಂದ ಡಿಸೆಂಬರ್. ದಸರಾ, ದೀಪಾವಳಿ ರಜೆಗಳೂ ಸಾಮಾನ್ಯವಾಗಿ ಅದರೊಳಗೇ ಬೀಳುತ್ತವೆ. ಹೀಗಾಗಿ ಎರಡು ತಿಂಗಳ ಮುಂಚೆ ರೈಲು ಬುಕ್ ಮಾಡಿ, ದೋಣಿಗೆ, ಕೋಣೆಗೆ ಮುಂಗಡ ಕೊಟ್ಟು, ಹೊರಡುವ ಎರಡು ದಿನ ಮೊದಲು "ಧಾಮ ಮುಚ್ಚಿದೆ" ಅನ್ನುವ ಫೋನ್ ಬರುವುದು ಈ ದಂಡೆಯಲ್ಲಿ ಅಪರೂಪವೇನಲ್ಲ.

ಇಲ್ಲಿ ಹೋಲಿಸುತ್ತಿರುವುದು ಮೂರು ಜಾಗಗಳನ್ನು: ಒಡಿಶಾದ ಭಿತರ್‌ಕನಿಕಾ ಮತ್ತು ಚಿಲಿಕಾ, ತಮಿಳುನಾಡಿನ ಕೋಡಿಯಕ್ಕರೈ. ಕೊನೆಯದನ್ನು ನಕ್ಷೆಗಳಲ್ಲಿ ಪಾಯಿಂಟ್ ಕ್ಯಾಲಿಮೀರ್ ಎಂದೂ ಬರೆದಿರುತ್ತಾರೆ. ಮೂರೂ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ಪಟ್ಟಿಯಲ್ಲಿರುವ ಪ್ರದೇಶಗಳು. ಮೂರರ ನೆಲವೂ ನೀರೂ ಬೇರೆ ಬೇರೆ, ಬಿರುಗಾಳಿಗೆ ಮುಚ್ಚುವ ರೀತಿ ಬೇರೆ, ಮತ್ತೆ ತೆರೆಯಲು ಹಿಡಿಯುವ ಸಮಯವೂ ಬೇರೆ. ಆರಂಭದಲ್ಲೇ ಹೇಳಿಬಿಡುವುದಾದರೆ, ಜಾಗವನ್ನು ಮೊದಲು ಆರಿಸಿ ಆಮೇಲೆ ತಿಂಗಳು ಹುಡುಕುವುದು ತಲೆಕೆಳಗಾದ ಕೆಲಸ. ನಿಮಗೆ ಸಿಕ್ಕಿರುವ ರಜೆ ಯಾವ ತಿಂಗಳದ್ದು ಎಂಬುದರ ಮೇಲೆ ಜಾಗ ತೀರ್ಮಾನವಾಗಲಿ.

ಗಾಳಿ ದಕ್ಷಿಣಕ್ಕೆ ಸರಿಯುತ್ತದೆ

ಕೊಲ್ಲಿಯ ಚಂಡಮಾರುತಗಳಿಗೆ ವರ್ಷದಲ್ಲಿ ಎರಡು ಸರದಿ. ಮುಂಗಾರಿಗೆ ಮುಂಚೆ ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ ಒಂದು, ಹಿಂಗಾರಿನ ಕಾಲದಲ್ಲಿ ಇನ್ನೊಂದು. ಈ ಎರಡನೇ ಸರದಿಯಲ್ಲಿ ಒಂದು ಒಲವು ಕಾಣುತ್ತದೆ: ಅಕ್ಟೋಬರ್‌ನ ಬಿರುಗಾಳಿಗಳು ಹೆಚ್ಚಾಗಿ ಒಡಿಶಾ ಮತ್ತು ಉತ್ತರ ಆಂಧ್ರದ ಕಡೆ ಹೋಗುತ್ತವೆ. ನವೆಂಬರ್, ಡಿಸೆಂಬರ್‌ನವು ತಮಿಳುನಾಡು ಮತ್ತು ದಕ್ಷಿಣ ಆಂಧ್ರದ ಕಡೆ ತಿರುಗುತ್ತವೆ.

ಈಚಿನ ವರ್ಷಗಳನ್ನೇ ಸಾಲಾಗಿ ಇಟ್ಟು ನೋಡಿ. ಫೈಲಿನ್ 2013ರ ಅಕ್ಟೋಬರ್ 12ಕ್ಕೆ ಗೋಪಾಲ್‌ಪುರದ ಹತ್ತಿರ, ಹುದ್‌ಹುದ್ 2014ರ ಅಕ್ಟೋಬರ್ 12ಕ್ಕೆ ವಿಶಾಖಪಟ್ಟಣದಲ್ಲಿ, ದಾನಾ 2024ರ ಅಕ್ಟೋಬರ್ 24ರ ನಡುರಾತ್ರಿಯ ಹೊತ್ತಿಗೆ ಭಿತರ್‌ಕನಿಕಾದ ಹಬಾಲಿಖಾಟಿ ಮತ್ತು ಧಾಮ್ರಾ ನಡುವೆ ದಡ ಹತ್ತಿತು. ಇನ್ನೊಂದು ಕಡೆ ಗಜ 2018ರ ನವೆಂಬರ್ 16ಕ್ಕೆ ನಾಗಪಟ್ಟಣಂ ಮತ್ತು ವೇದಾರಣ್ಯಂ ನಡುವೆ, ಫೆಂಗಲ್ 2024ರ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ, ಥಾನೆ 2011ರ ಡಿಸೆಂಬರ್ 30ಕ್ಕೆ ಕಡಲೂರಿನ ಹತ್ತಿರ. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಟಿಕೆಟ್ ತೆಗೆಯುವಾಗ ನಂಬಿ ನಡೆಯಬಹುದಾದಷ್ಟು ಗಟ್ಟಿಯಾದ ಒಲವು.

ಇದರಿಂದ ಬರುವ ಲೆಕ್ಕ ಇಷ್ಟು. ಅಕ್ಟೋಬರ್‌ನಲ್ಲಿ ಮೂರರಲ್ಲಿ ಯಾವುದಕ್ಕೂ ಹಣ ಕಟ್ಟಬೇಡಿ. ನವೆಂಬರ್‌ನ ಎರಡನೇ ಅರ್ಧ ಮತ್ತು ಡಿಸೆಂಬರ್ ಒಡಿಶಾಕ್ಕೆ ಸರಿ. ಕೋಡಿಯಕ್ಕರೈಗೆ ಜನವರಿ ಹುಟ್ಟುವವರೆಗೆ ಕಾಯಿರಿ. ಶಾಲೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಸಿಗುವವರಿಗೆ ಈ ಮೂರೂ ಒಳ್ಳೆಯ ಆಯ್ಕೆಗಳಲ್ಲ. ವಲಸೆ ಹಕ್ಕಿಗಳು ಹೊರಟುಹೋಗಿರುತ್ತವೆ, ಮೇ ಒಂದರಿಂದ ಜುಲೈ ಕೊನೆಯವರೆಗೆ ಭಿತರ್‌ಕನಿಕಾ ಮೊಸಳೆಗಳ ಮೊಟ್ಟೆ ಕಾಲಕ್ಕೆಂದು ಮುಚ್ಚುತ್ತದೆ, ಚಿಲಿಕಾದಲ್ಲಿ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಸುಳಿಗಾಳಿ ಏಳುತ್ತದೆ. ಫಾನಿ ಪುರಿಯ ಹತ್ತಿರ ಅಪ್ಪಳಿಸಿದ್ದು 2019ರ ಮೇ 3ಕ್ಕೆ ಎಂಬುದು ನೆನಪಿರಲಿ.

ಭಿತರ್‌ಕನಿಕಾ: ಕಾಂಡ್ಲಾ ಕಾಡು, ಕೆಸರು, ಮೊಸಳೆ

ಬ್ರಾಹ್ಮಣಿ ಮತ್ತು ವೈತರಣಿ ನದಿಗಳು ಕಡಲು ಸೇರುವ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದು, ಕೇಂದ್ರಪಾಡ ಜಿಲ್ಲೆಯಲ್ಲಿದೆ. 1975ರಲ್ಲಿ 672 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಅದರೊಳಗಿನ 145 ಚದರ ಕಿಲೋಮೀಟರ್ 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉಪ್ಪುನೀರಿನ ಮೊಸಳೆಯ ಸಂರಕ್ಷಣೆ ಆರಂಭವಾದದ್ದೂ ಅದೇ 1975ರಲ್ಲಿ. ಒಡಿಯಾದಲ್ಲಿ ಈ ಮೊಸಳೆಗೆ ಬೌಲಾ ಅನ್ನುತ್ತಾರೆ. ಈಚಿನ ಎಣಿಕೆಗಳಲ್ಲಿ ಸಂಖ್ಯೆ 1,800 ದಾಟಿದೆ.

ಒಳಗೆ ಹೋಗಲು ಎರಡು ಮುಖ್ಯ ಬಾಗಿಲುಗಳು, ಖೋಲಾ ಮತ್ತು ಗುಪ್ತಿ. ಎರಡೂ ಕಡೆ ದೋಣಿಯಲ್ಲೇ ಕಾಡಿಗೆ ಇಳಿಯಬೇಕು. ಖೋಲಾದಿಂದ ಹೊರಡುವ ದೋಣಿ ಸಣ್ಣ ಕಾಲುವೆಯಂಥ ಹೊಳೆಯಲ್ಲಿ ಸಾಗುತ್ತದೆ, ಎರಡೂ ದಂಡೆ ಹತ್ತಿರ, ಮೊಸಳೆ ಮತ್ತು ಮಿಂಚುಳ್ಳಿ ನೋಡಲು ಇದೇ ಮೇಲು. ಗುಪ್ತಿ ಕಡೆಯ ನೀರು ಅಗಲ. ದಂಗ್‌ಮಾಲ್‌ನಲ್ಲಿ ಅರಣ್ಯ ಇಲಾಖೆಯ ವಸತಿಗೃಹ, ಮೊಸಳೆ ಸಾಕಣೆ ಕೇಂದ್ರ, ಸಣ್ಣ ವಸ್ತುಸಂಗ್ರಹಾಲಯ ಇವೆ. ಒಂದು ರಾತ್ರಿಯಾದರೂ ಅಲ್ಲೇ ಉಳಿಯಿರಿ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಸಿಗುವುದು ನೆತ್ತಿಯ ಬಿಸಿಲಿನ ಕಾಡು. ಉಳಿದವರಿಗೆ ಮುಸ್ಸಂಜೆ ಚುಕ್ಕೆ ಜಿಂಕೆ, ಕಾಡುಹಂದಿ, ದೊಡ್ಡ ನೀರು ಉಡ ಅಂಗಳದಂಚಿಗೇ ಬಂದುಬಿಡುತ್ತವೆ.

ಮೊಸಳೆ ಕಾಣುವುದು ಪೂರ್ತಿಯಾಗಿ ಕಡಲ ನೀರಿನ ಇಳಿತದ ಮೇಲೆ ನಿಂತಿದೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ತಣ್ಣಗಾದ ಮೈ ಕಾಯಿಸಲು ಅವು ಬಿಸಿಲಿಗೆ ಬರಬೇಕು, ಬರಲು ಕೆಸರು ದಂಡೆ ತೆರೆದಿರಬೇಕು. ನೀರು ಇಳಿದಿರುವ ಬೆಳಗಿನ ಒಂಬತ್ತರಿಂದ ಮಧ್ಯಾಹ್ನದ ಒಳಗಿನ ಹೊತ್ತು ಸಿಕ್ಕರೆ ಅದೃಷ್ಟ. ದೋಣಿಯಲ್ಲಿ ಕುಳಿತಾಗ ಪ್ರಾಣಿಯನ್ನೇ ಹುಡುಕಬೇಡಿ, ಜಾಡು ಹುಡುಕಿ. ಕೆಸರಿನ ಇಳಿಜಾರಿನಲ್ಲಿ ಹೊಟ್ಟೆ ಜಾರಿದ ನುಣುಪು ಪಟ್ಟೆ ಇರುತ್ತದೆ, ಎರಡೂ ಬದಿಗೆ ಪಂಜ ಒತ್ತಿದ ಗುಳಿಗಳು, ನಡುವೆ ಬಾಲದ ಗೀರು. ಗುಳಿಯಲ್ಲಿ ನೀರು ಇನ್ನೂ ಹೊಳೆಯುತ್ತಿದ್ದರೆ, ಅಂಚು ಒಣಗಿ ಬಿರಿಯದಿದ್ದರೆ, ಮೊಸಳೆ ಈಗಷ್ಟೇ ನೀರಿಗೆ ಜಾರಿದೆ. ಹತ್ತಿರದ ನೀರಿನ ಮೇಲೆ ಎರಡು ಕಣ್ಣು, ಒಂದು ಮೂಗಿನ ತುದಿ ಕಂಡೀತು. ದಂಡೆಯ ಮೇಲೆ ಬಾಯಿ ಅಗಲಿಸಿ ಮಲಗಿರುವ ಮೊಸಳೆ ಸಿಟ್ಟಿನಲ್ಲಿಲ್ಲ, ತಲೆಯ ಬಿಸಿ ಆರಿಸಿಕೊಳ್ಳುತ್ತಿದೆ. ಹಾಗೆಂದು ಕೈಯನ್ನು ದೋಣಿಯಿಂದ ಹೊರಗೆ ಚಾಚುವುದು, ದೋಣಿ ನಿಲ್ಲುವ ಘಾಟಿನ ಮೆಟ್ಟಿಲಲ್ಲಿ ಕಾಲು ತೊಳೆಯುವುದು ಖಂಡಿತ ಬೇಡ. ಈ ಹೊಳೆಗಳ ದಂಡೆಯ ಹಳ್ಳಿಯವರು ಮೊಸಳೆಗೆ ಬಲಿಯಾಗುತ್ತಲೇ ಇದ್ದಾರೆ.

ಬಗಾಗಹನದ ಹಕ್ಕಿಗೂಡುಗಳ ತಾಣದ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಜನರಿಗಿದೆ. ಅಲ್ಲಿ ಬಾಯ್ಕಳಕ, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಜನವರಿಯಲ್ಲಿ ವೀಕ್ಷಣಾ ಗೋಪುರ ಹತ್ತಿದವರಿಗೆ ಖಾಲಿ ಗೂಡುಗಳೇ ಹೆಚ್ಚು ಕಾಣುತ್ತವೆ. ಗೂಡುಗಳಲ್ಲಿ ಮರಿ ನೋಡಬೇಕೆಂದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಬೇಕು, ಮಳೆ ಮತ್ತು ಸೊಳ್ಳೆ ಎರಡನ್ನೂ ಸಹಿಸಬೇಕು.

ಇಲ್ಲಿ ಬಿರುಗಾಳಿಯ ಹೊರತಾಗಿ ಇನ್ನೂ ಎರಡು ಮುಚ್ಚುಗಡೆಗಳಿವೆ. ಮೊದಲನೆಯದು ಮೇ ಒಂದರಿಂದ ಜುಲೈ ಮೂವತ್ತೊಂದರ ಮೊಟ್ಟೆ ಕಾಲ. ಹೆಣ್ಣು ಮೊಸಳೆ ತರಗೆಲೆ ಗುಡ್ಡೆ ಹಾಕಿ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ, ಆಗ ಅದರ ಹತ್ತಿರ ಸುಳಿಯುವುದು ಅಪಾಯ. ಎರಡನೆಯದೇ ಹೆಚ್ಚು ಜನರನ್ನು ಕೆಡಿಸುವುದು: ಜನವರಿಯಲ್ಲಿ ಮೊಸಳೆ ಎಣಿಕೆಗೆಂದು ಕೆಲವು ದಿನ ಪ್ರವಾಸಿಗರನ್ನು ಬಿಡುವುದಿಲ್ಲ. ದಿನಾಂಕ ಪ್ರತಿ ವರ್ಷ ಸ್ವಲ್ಪ ಹಿಂದುಮುಂದಾಗುತ್ತದೆ. ಜನವರಿ ಮೊದಲ ಎರಡು ವಾರಕ್ಕೆ ಯೋಜನೆ ಹಾಕುವವರು ಇಲಾಖೆಯ ಪ್ರಕಟಣೆ ನೋಡದೆ ರೈಲು ಟಿಕೆಟ್ ತೆಗೆಯಬಾರದು.

ಕಡಲಾಮೆಗಳ ಆಸೆ ಇಟ್ಟುಕೊಂಡು ಇಲ್ಲಿಗೆ ಬರುವವರಿಗೂ ಒಂದು ಮಾತು. ಪಕ್ಕದ ಗಹಿರ್‌ಮಾಥಾ 1997ರಿಂದ ಸಮುದ್ರ ಅಭಯಾರಣ್ಯ. ಆಲಿವ್ ರಿಡ್ಲಿ ಆಮೆಗಳು ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುವ ಆ ಮರಳ ದಿಣ್ಣೆಗಳಿಗೆ ಪ್ರವಾಸಿಗರಿಗೆ ದಾರಿ ಇಲ್ಲ ಅಂತಲೇ ತಿಳಿಯಿರಿ. ಆಮೆಗಳನ್ನೇ ನೋಡಬೇಕಾದವರು ಗಂಜಾಂ ಜಿಲ್ಲೆಯ ಋಷಿಕುಲ್ಯಾ ನದಿಮುಖದ ಕಡೆ ನೋಡಬೇಕು, ಫೆಬ್ರವರಿ ಮಾರ್ಚ್‌ನಲ್ಲಿ.

ಚಿಲಿಕಾ: ಒಂದೇ ಹೆಸರಿನಡಿ ನಾಲ್ಕು ನೀರು

"ಚಿಲಿಕಾಕ್ಕೆ ಹೋಗಿದ್ದೆವು, ಅಂಥದ್ದೇನೂ ಕಾಣಲಿಲ್ಲ" ಎಂದು ಹೇಳುವವರು ಸಾಮಾನ್ಯವಾಗಿ ತಪ್ಪು ದೋಣಿಘಾಟಿಗೆ ಹೋಗಿರುತ್ತಾರೆ. ಬೇಸಿಗೆಯಲ್ಲಿ ಸುಮಾರು 900, ಮಳೆಗಾಲದಲ್ಲಿ 1,100 ಚದರ ಕಿಲೋಮೀಟರ್ ಮೀರುವ ಈ ಹಿನ್ನೀರ ಸರೋವರದ ಉದ್ದಗಲದಲ್ಲಿ ನೀರಿನ ರುಚಿಯೇ ಬದಲಾಗುತ್ತದೆ. ಉತ್ತರಕ್ಕೆ ಮಹಾನದಿಯ ಕವಲುಗಳು ಸಿಹಿನೀರು ತಂದು ಸುರಿಯುತ್ತವೆ, ಅಲ್ಲಿ ಜೊಂಡು ಹುಲ್ಲಿನ ಜೌಗು. ಪೂರ್ವದ ಹೊರಗಾಲುವೆಯಲ್ಲಿ ಕಡಲ ನೀರು ಬಂದು ಹೋಗುತ್ತದೆ. ನಡುವಿನ ಭಾಗದಲ್ಲಿ ನಳಬನ ದ್ವೀಪ, ದಕ್ಷಿಣದಲ್ಲಿ ರಂಭಾ ಕಡೆಯ ಬಂಡೆ ದ್ವೀಪಗಳು. ಹೂಳು ತುಂಬಿ ಉಪ್ಪಿನ ಅಂಶ ಕುಸಿದು, ಸರೋವರ ಸೊರಗಿಹೋಗಿದ್ದಾಗ 2000ದ ಸೆಪ್ಟೆಂಬರ್‌ನಲ್ಲಿ ಕಡಲಿಗೆ ಹೊಸ ಬಾಯಿ ಕತ್ತರಿಸಿದರು. ಮೀನು, ಹಕ್ಕಿ ಎರಡೂ ಮರಳಿದವು. ಅಪಾಯದಲ್ಲಿರುವ ಜೌಗುಗಳ ಮಾಂಟ್ರೋ ದಾಖಲೆಯಿಂದ 2002ರಲ್ಲಿ ಚಿಲಿಕಾದ ಹೆಸರು ತೆಗೆದರು.

ಹಕ್ಕಿಗಾಗಿ ಹೋಗುವವರು ಉತ್ತರದ ಮಂಗಲಾಜೋಡಿಗೆ ಹೋಗಿ. ಇಂಜಿನ್ ಇಲ್ಲದ, ಗಳ ಊರಿ ನೂಕುವ ಚಪ್ಪಟೆ ದೋಣಿಗಳು. ಅಂಬಿಗರಲ್ಲೂ ಮಾರ್ಗದರ್ಶಕರಲ್ಲೂ ಹಿಂದೊಮ್ಮೆ ಹಕ್ಕಿ ಬೇಟೆಯಾಡುತ್ತಿದ್ದವರು ಇದ್ದಾರೆ. ಆ ಕಣ್ಣು ಈಗ ಕಾವಲಿಗೆ ಬಂದಿದೆ, ಜೊಂಡಿನೊಳಗೆ ಅಡಗಿದ ಹಕ್ಕಿಯನ್ನು ಅವರು ತೋರಿಸುವ ವೇಗ ಬೇರೆ ಕಡೆ ಸಿಗುವುದಿಲ್ಲ. ಕಪ್ಪು ಬಾಲದ ಗಾಡ್ವಿಟ್, ನೇರಳೆ ಜಂಬುಕೋಳಿ, ಸೂಜಿಬಾಲದ ಬಾತುಗಳು ದೋಣಿ ಹತ್ತಿರ ಬಂದರೂ ಹಾರುವುದಿಲ್ಲ. ಬೆಳಿಗ್ಗೆ ಆರಕ್ಕೆ ದೋಣಿಯಲ್ಲಿರಬೇಕು, ಒಂಬತ್ತೂವರೆಯ ಮೇಲೆ ಬೆಳಕು ಕುಕ್ಕುತ್ತದೆ. ಇನ್ನೊಂದು ಸುತ್ತು ಮಧ್ಯಾಹ್ನ ಮೂರರ ಮೇಲೆ.

ಡಾಲ್ಫಿನ್ ಬೇಕಾದವರಿಗೆ ಸಾತಪಾಡಾ, ಪುರಿಯಿಂದ ಸುಮಾರು 50 ಕಿಲೋಮೀಟರ್. ಇರಾವಡಿ ಡಾಲ್ಫಿನ್ ಗುಂಡು ತಲೆಯದು, ಸಿನಿಮಾದಲ್ಲಿ ಕಂಡಂತೆ ಎಗರಿ ಆಟ ತೋರಿಸುವುದಿಲ್ಲ. ಬೂದು ಬೆನ್ನು ಒಮ್ಮೆ ಮೇಲೆ ಬಂದು ಫುಸ್ ಎಂದು ಉಸಿರು ಬಿಟ್ಟು ಮುಳುಗುತ್ತದೆ, ಅಷ್ಟೇ. ಹಲವು ದೋಣಿಗಳು ಸೇರಿ ಅಟ್ಟಿಸಿಕೊಂಡು ಹೋಗುವುದು ಇಲ್ಲಿನ ದೊಡ್ಡ ಪಿಡುಗು, ಇಂಜಿನ್ನಿನ ರೆಕ್ಕೆಗೆ ಸಿಕ್ಕಿ ಗಾಯಗೊಂಡ ಡಾಲ್ಫಿನ್‌ಗಳಿವೆ. ಹತ್ತುವ ಮೊದಲೇ ದೋಣಿಯವರಿಗೆ ಹೇಳಿಬಿಡಿ: ದೂರದಲ್ಲೇ ಇಂಜಿನ್ ಆರಿಸಿ, ಕಾಣದಿದ್ದರೂ ಪರವಾಗಿಲ್ಲ, ಪೂರ್ತಿ ಹಣ ಕೊಡುತ್ತೇವೆ ಅಂತ. ಅಟ್ಟಿಸುವುದು ಗಿರಾಕಿ ಬೇಸರಪಟ್ಟಾನೆಂಬ ಭಯದಿಂದಲೇ, ಈ ಒಂದು ಮಾತಿನಿಂದ ಬಹುಪಾಲು ನಿಂತುಹೋಗುತ್ತದೆ.

ನಳಬನ 15.53 ಚದರ ಕಿಲೋಮೀಟರ್‌ನ ಪಕ್ಷಿಧಾಮ. ಮಳೆಗಾಲದಲ್ಲಿ ನೀರಡಿ ಹೋಗಿ, ಚಳಿಗಾಲಕ್ಕೆ ಕೆಸರು ಬಯಲಾಗಿ ಮೇಲೇಳುತ್ತದೆ. ಅದರ ಮೇಲೆ ಕಾಲಿಡಲು ಬಿಡುವುದಿಲ್ಲ. ದೂರದಿಂದ ನೋಡುವ ಜಾಗ ಅದು, ಬರೀ ದುರ್ಬೀನು ಸಾಲದು, ಸ್ಟ್ಯಾಂಡಿನ ಮೇಲಿಡುವ ಟೆಲಿಸ್ಕೋಪ್ ಇದ್ದವರಿಗೆ ಮಾತ್ರ ಸಾರ್ಥಕ. ಈಚಿನ ಜನವರಿ ಎಣಿಕೆಗಳಲ್ಲಿ ಚಿಲಿಕಾದಲ್ಲಿ 11 ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಸಿಕ್ಕಿವೆ.

ಸರೋವರ ಬಹುಪಾಲು ಎರಡು ಮೀಟರ್ ಆಳವೂ ಇಲ್ಲ. ಇದೇ ಅಪಾಯದ ಮೂಲ. ಆಳವಿಲ್ಲದ ನೀರಿನಲ್ಲಿ ಗಾಳಿ ಎಬ್ಬಿಸುವ ಅಲೆ ಗಿಡ್ಡ, ಕಡಿದು, ಒಂದರ ಹಿಂದೆ ಒಂದು ಬೇಗ ಬರುತ್ತದೆ. ಉದ್ದ ದೋಣಿಯ ಮೂತಿ ಒಂದು ಅಲೆಯಿಂದ ಏಳುವುದರೊಳಗೆ ಮುಂದಿನದು ಒಳಗೆ ಸುರಿದಿರುತ್ತದೆ. ಆದ್ದರಿಂದ ಚಂಡಮಾರುತ ದೂರದಲ್ಲಿದ್ದರೂ ಗಾಳಿಯ ಮುನ್ಸೂಚನೆ ಬಂದ ಕೂಡಲೇ ಇಲ್ಲಿ ದೋಣಿ ನಿಲ್ಲಿಸುತ್ತಾರೆ. ಅಂಬಿಗ ಬೇಡವೆಂದ ದಿನ ಹೆಚ್ಚು ದುಡ್ಡು ತೋರಿಸಿ ಇಳಿಸಬೇಡಿ. ಲೈಫ್ ಜಾಕೆಟ್ ಕೇವಲ ಹೆಗಲಿಗೆ ಹಾಕಿಕೊಂಡರೆ ಸಾಲದು, ಮುಂದಿನ ಕ್ಲಿಪ್ ಮತ್ತು ಮಕ್ಕಳದ್ದಾದರೆ ತೊಡೆಸಂದಿನ ಪಟ್ಟಿ ಎರಡೂ ಹಾಕಿರಬೇಕು.

ಕೋಡಿಯಕ್ಕರೈ: ಕಾಲ್ನಡಿಗೆಯ ಧಾಮ

ತಮಿಳುನಾಡಿನ ಕರಾವಳಿ ಥಟ್ಟನೆ ಪಶ್ಚಿಮಕ್ಕೆ ತಿರುಗುವ ಮೂಲೆ ಇದು. ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ. 1967ರಲ್ಲಿ ಅಭಯಾರಣ್ಯವಾಯಿತು, ಕೇವಲ 21 ಚದರ ಕಿಲೋಮೀಟರ್ ಚಿಲ್ಲರೆ. ಆದರೆ ಒಣ ನಿತ್ಯಹರಿದ್ವರ್ಣ ಕಾಡು, ಕೃಷ್ಣಮೃಗಗಳ ಹುಲ್ಲುಗಾವಲು, ಮರಳ ದಿಣ್ಣೆ, ಕಡಲ ತೀರ, ಹಿಂದೆ ವೇದಾರಣ್ಯದ ಉಪ್ಪು ಜೌಗು, ಅದರಾಚೆ ಮುತ್ತುಪೇಟೆಯ ಕಾಂಡ್ಲಾ, ಇಷ್ಟೂ ಒಂದೇ ಪ್ರವಾಸದಲ್ಲಿ ಸಿಗುತ್ತವೆ. ಬಗೆಬಗೆಯ ನೆಲ ನೋಡುವುದೇ ಉದ್ದೇಶವಾದರೆ ಮೂರರಲ್ಲಿ ಇದೇ ಮೊದಲು, ಇದರಲ್ಲಿ ನನಗೆ ಅನುಮಾನವಿಲ್ಲ.

ಬೆಳಿಗ್ಗೆ ಗೇಟು ತೆರೆದ ಕೂಡಲೇ ಹುಲ್ಲುಗಾವಲು, ಬಿಸಿಲೇರಿದ ಮೇಲೆ ಕೃಷ್ಣಮೃಗಗಳು ಪೊದೆಯ ನೆರಳಿಗೆ ಸರಿಯುತ್ತವೆ. ಗಂಡಿನ ಕಪ್ಪು ಮೈ ಮತ್ತು ತಿರುಚು ಕೊಂಬು ದೂರಕ್ಕೇ ತಿಳಿಯುತ್ತದೆ. ಅಲ್ಲೇ ಮೇಯುವ ಕುದುರೆಗಳು ಊರಿನಿಂದ ತಪ್ಪಿಸಿಕೊಂಡು ಕಾಡುಪಾಲಾದವುಗಳ ಸಂತತಿ, ಹುಲ್ಲಿಗಾಗಿ ಮೃಗಗಳೊಂದಿಗೆ ಪೈಪೋಟಿಯೂ ಇದೆ. ಬಳ್ಳಾರಿ ಜಾಲಿ ಹುಲ್ಲುಗಾವಲನ್ನು ನುಂಗುತ್ತಿರುವುದೂ ಕಣ್ಣಿಗೆ ರಾಚುತ್ತದೆ. ರಾಮರ್ ಪಾದಂ ಎಂಬ ಮರಳ ದಿಬ್ಬ ಇಲ್ಲಿನ ಎತ್ತರದ ಜಾಗ, ಸುತ್ತಲಿನ ನೆಲದ ಅಂದಾಜು ಸಿಗುವುದು ಅಲ್ಲಿಂದಲೇ.

ರಾಜಹಂಸಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವು ಬೇಟೆಯಾಡುವುದು ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗಿಳಿಸಿ. ನಾಲಿಗೆ ಪಂಪಿನಂತೆ ಹಿಂದೆಮುಂದೆ ಆಡುತ್ತದೆ, ಕೆಸರುನೀರು ಒಳಗೆ ಹೋಗಿ ಕೊಕ್ಕಿನ ಅಂಚಿನ ಜರಡಿಯಿಂದ ಹೊರಗೆ ಬರುತ್ತದೆ, ಸಣ್ಣ ಜೀವಿಗಳು ಒಳಗೇ ಉಳಿಯುತ್ತವೆ. ಈ ಕೆಲಸಕ್ಕೆ ತೆಳು ನೀರು ಬೇಕು. ನವೆಂಬರ್, ಡಿಸೆಂಬರ್‌ನ ಹಿಂಗಾರು ಮಳೆ ಜೌಗನ್ನು ತುಂಬಿಸಿದಾಗ ನೀರು ಆಳವಾಗಿ ಅವು ಚದುರಿಬಿಡುತ್ತವೆ. ಜನವರಿಯ ನಂತರ ನೀರು ಇಳಿಯುತ್ತ ಬಂದಂತೆ ಸಾಲುಗಟ್ಟುತ್ತವೆ. ಅಂದರೆ ಬಿರುಗಾಳಿಯ ಭಯಕ್ಕೆ ಜನವರಿವರೆಗೆ ಕಾಯುವವರಿಗೆ ಹಕ್ಕಿಗಳ ಲೆಕ್ಕದಲ್ಲಿ ನಷ್ಟವಿಲ್ಲ, ಲಾಭವೇ.

ತಲುಪುವುದು ನಾಗಪಟ್ಟಣಂ ಅಥವಾ ತಿರುತುರೈಪೂಂಡಿ ಮೂಲಕ ವೇದಾರಣ್ಯಂಗೆ, ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್. ತಿರುತುರೈಪೂಂಡಿಯಿಂದ ಅಗಸ್ತಿಯಂಪಳ್ಳಿಗೆ 37 ಕಿಲೋಮೀಟರ್‌ನ ರೈಲು 2023ರಲ್ಲಿ ಮತ್ತೆ ಆರಂಭವಾಗಿದೆ. 1930ರಲ್ಲಿ ರಾಜಾಜಿ ಉಪ್ಪಿನ ಸತ್ಯಾಗ್ರಹದ ಯಾತ್ರೆ ತಂದದ್ದು ಇದೇ ಉಪ್ಪುಗದ್ದೆಗಳಿಗೆ. ಉಳಿಯಲು ವೇದಾರಣ್ಯಂ ಅನುಕೂಲ. ಮುತ್ತುಪೇಟೆಯ ದೋಣಿಗೆ ಬೇರೆಯೇ ಅನುಮತಿ ಬೇಕು, ಅದಕ್ಕೆ ಬೇರೆ ದಿನವನ್ನೇ ಇಡಿ. ಒಂದೇ ದಿನಕ್ಕೆ ಎರಡನ್ನೂ ತುರುಕಿದರೆ ಎರಡೂ ಕಡೆ ನೆತ್ತಿಯ ಬಿಸಿಲಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಎಚ್ಚರಿಕೆ ಯಾವ ಹಂತಕ್ಕೆ ಬಂದಾಗ ಏನು ಮಾಡಬೇಕು

ಹವಾಮಾನ ಇಲಾಖೆಯ ಮಾತುಗಳಿಗೆ ಅಳತೆ ಇದೆ. ಗಾಳಿ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರಿಡುವುದು ಆ ಕೊನೆಯ ಹಂತದಲ್ಲಿ. ಸುದ್ದಿವಾಹಿನಿಗಳು ಹೆಸರು ಬಂದ ಮೇಲೆ ಕೂಗತೊಡಗುತ್ತವೆ, ಅಷ್ಟು ಹೊತ್ತಿಗೆ ನಿಮ್ಮ ರೈಲು ಹೊರಡಲು ಒಂದೋ ಎರಡೋ ದಿನವಷ್ಟೇ ಉಳಿದಿರುತ್ತದೆ. ಇಲಾಖೆಯ ಜಾಲತಾಣದಲ್ಲಿ ಕುಸಿತದ ಸುದ್ದಿ ಕಂಡ ದಿನವೇ ಅರಣ್ಯ ಇಲಾಖೆಯ ವಲಯ ಕಚೇರಿಗೆ ಫೋನ್ ಮಾಡಿ.

ಎಚ್ಚರಿಕೆ ನಾಲ್ಕು ಹಂತದಲ್ಲಿ ಬರುತ್ತದೆ. ದಡ ಮುಟ್ಟುವ ಸುಮಾರು 72 ಗಂಟೆ ಮೊದಲು ಮುನ್ನೋಟ, 48 ಗಂಟೆ ಮೊದಲು ಜಾಗೃತೆಯ ಸೂಚನೆ, 24 ಗಂಟೆ ಮೊದಲು ಎಚ್ಚರಿಕೆ, 12 ಗಂಟೆ ಮೊದಲು ದಡ ದಾಟಿದ ಮೇಲೇನಾಗುತ್ತದೆ ಎಂಬ ಅಂದಾಜು. ನೀವಿನ್ನೂ ಮನೆಯಲ್ಲಿದ್ದರೆ ಮೊದಲ ಹಂತದಲ್ಲೇ ಪ್ರವಾಸ ಮುಂದಕ್ಕೆ ಹಾಕಿ. ಧಾಮದಲ್ಲಿದ್ದರೆ ಎರಡನೇ ಹಂತ ಬರುವುದರೊಳಗೆ ಒಳನಾಡಿನ ದೊಡ್ಡ ಊರಿಗೆ ಬಂದಿರಬೇಕು. ಮೂರನೇ ಹಂತದಲ್ಲಿ ಬಸ್ಸು, ಟ್ಯಾಕ್ಸಿ, ರೈಲು ಒಂದೊಂದಾಗಿ ನಿಲ್ಲುತ್ತವೆ, ನಿಮ್ಮನ್ನು ಹೊರಗೆ ಸಾಗಿಸುವ ಕೆಲಸ ಊರವರನ್ನು ಕಾಪಾಡಬೇಕಾದವರ ತಲೆಗೆ ಬೀಳುತ್ತದೆ. ದಂಗ್‌ಮಾಲ್‌ನಲ್ಲಿ ಇರುವವರಿಗೆ ಇದು ಎಲ್ಲರಿಗಿಂತ ಮುಖ್ಯ, ಹೊರಬರುವ ದಾರಿಯೇ ನೀರು.

ಬಂದರುಗಳಲ್ಲಿ ಏರಿಸುವ ಸಿಗ್ನಲ್ ನಂಬರುಗಳೂ ಪತ್ರಿಕೆಯಲ್ಲಿ ಬರುತ್ತವೆ. ಒಂದು, ಎರಡು ದೂರದ ಕಡಲಲ್ಲಿ ಗಾಳಿ ಇದೆ ಎಂಬ ಸೂಚನೆ. ಮೂರು, ನಾಲ್ಕು ಆ ಬಂದರಿಗೇ ತೊಂದರೆ ಆಗಬಹುದು ಎಂದು. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ, ಹನ್ನೊಂದು ಎಂದರೆ ಸಂಪರ್ಕವೇ ಕಡಿದಿದೆ. ಧಾಮ್ರಾ, ಗೋಪಾಲ್‌ಪುರ, ನಾಗಪಟ್ಟಣಂ ಬಂದರುಗಳಲ್ಲಿ ಮೂರು ಏರಿಸಿದ ಸುದ್ದಿ ಓದಿದರೆ ಮೂರೂ ಧಾಮಗಳಲ್ಲಿ ಆಯಾ ಕಡೆ ದೋಣಿ ಹೊರಡುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಹಣದ ವಿಷಯ. ರೈಲನ್ನೇ ರದ್ದು ಮಾಡಿದರೆ ಆನ್‌ಲೈನ್ ಟಿಕೆಟ್ಟಿನ ಪೂರ್ತಿ ಹಣ ತಾನಾಗಿ ಖಾತೆಗೆ ಬರುತ್ತದೆ. ರೈಲು ಓಡುತ್ತಿದ್ದು ಧಾಮ ಮಾತ್ರ ಮುಚ್ಚಿದ್ದರೆ ರದ್ದತಿ ಶುಲ್ಕ ನಿಮ್ಮ ಮೇಲೇ. ಹಾಗಾಗಿ ಪ್ರವಾಸ ಮುಂದಕ್ಕೆ ಹಾಕಿದರೂ ಟಿಕೆಟ್ಟನ್ನು ಗಾಬರಿಯಲ್ಲಿ ಮೊದಲೇ ನೀವಾಗಿ ರದ್ದು ಮಾಡಬೇಡಿ, ರೈಲ್ವೆಯ ರದ್ದುಪಟ್ಟಿಯನ್ನು ಹೊರಡುವ ಹಿಂದಿನ ದಿನ ಸಂಜೆಯವರೆಗೆ ನೋಡಿ. ಒಡಿಶಾದ ಪ್ರಕೃತಿ ಶಿಬಿರಗಳನ್ನು ಅರಣ್ಯ ಇಲಾಖೆಯ ಇಕೋಟೂರ್ ಜಾಲತಾಣದಲ್ಲೇ ಕಾಯ್ದಿರಿಸಿ. ಇಲಾಖೆಯೇ ಮುಚ್ಚಿದಾಗ ಹಣವನ್ನೋ ಬದಲಿ ದಿನಾಂಕವನ್ನೋ ಕೇಳಲು ದಾಖಲೆ ಇರುತ್ತದೆ. ನಡುವಿನವರಿಗೆ ಪೂರ್ತಿ ಮುಂಗಡ ಕೊಟ್ಟವರಿಗೆ ಆ ಅನುಕೂಲ ಇರುವುದಿಲ್ಲ.

ಭರತ, ಇಳಿತ ಮತ್ತು ದೋಣಿಯ ಹೊತ್ತು

ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತೀರ ಏರಿ ತೀರ ಇಳಿಯುತ್ತದೆ. ಭಿತರ್‌ಕನಿಕಾದಲ್ಲಿ ಈ ವ್ಯತ್ಯಾಸ ಎರಡು ಮೂರು ಮೀಟರ್ ಇರುವುದರಿಂದ ದೋಣಿಯ ವೇಳಾಪಟ್ಟಿಯನ್ನೇ ಅದು ನಿರ್ಧರಿಸುತ್ತದೆ. ಪೂರ್ತಿ ಇಳಿತದಲ್ಲಿ ಸಣ್ಣ ಹೊಳೆಗೆ ನುಗ್ಗಿದ ದೋಣಿ ಕೆಸರಿಗೆ ಕೂತರೆ ನೀರು ಮರಳುವವರೆಗೆ ಕಾಯಬೇಕು. ಸರಿಯಾದ ಉಪಾಯ, ನೀರು ಅರ್ಧ ಇಳಿದಾಗ ಹೊರಟು ದೊಡ್ಡ ಹೊಳೆಯಲ್ಲಿ ಕೆಸರು ದಂಡೆ ನೋಡಿ, ನೀರು ಏರತೊಡಗಿದ ಮೇಲೆ ಸಣ್ಣ ಕವಲಿಗೆ ತಿರುಗುವುದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನ ಜಾಲತಾಣದಲ್ಲಿ ಉಬ್ಬರವಿಳಿತದ ಅಂದಾಜು ಸಿಗುತ್ತದೆ, ಧಾಮ್ರಾ ಅಥವಾ ಪಾರಾದೀಪದ ಅಂಕಿ ನೋಡಿಕೊಂಡು, ಒಳಹೊಳೆಗಳಲ್ಲಿ ಅದು ತಡವಾಗಿ ಮುಟ್ಟುತ್ತದೆ ಎಂದು ಅಂಬಿಗರನ್ನು ಕೇಳಿ ಸರಿಪಡಿಸಿಕೊಳ್ಳಿ.

ಕೋಡಿಯಕ್ಕರೈಯಲ್ಲಿ ಭರತ ಇಳಿತದ ಅಂತರ ಒಂದು ಮೀಟರ್‌ಗೂ ಕಡಿಮೆ. ಜೌಗಿನ ನೀರನ್ನು ಅತ್ತಿತ್ತ ತಳ್ಳುವುದು ಗಾಳಿಯೇ, ಹಾಗಾಗಿ ನಿನ್ನೆ ಹಕ್ಕಿ ಇದ್ದ ಕಡೆ ಇಂದು ಇರಲಿಕ್ಕಿಲ್ಲ. ಚಿಲಿಕಾದ ಒಳಭಾಗದಲ್ಲಂತೂ ಉಬ್ಬರ ಗೊತ್ತೇ ಆಗುವುದಿಲ್ಲ.

ಸಾಮಾನು ಹೆಚ್ಚು ಬೇಡ. 8 ಪಟ್ಟು ಹಿಗ್ಗಿಸುವ 42 ಮಿಲಿಮೀಟರ್ ದುರ್ಬೀನು ಸಾಕು, 12 ಪಟ್ಟಿನದು ದೋಣಿಯಲ್ಲಿ ಅಲುಗುತ್ತದೆ. ಉಪ್ಪುಗಾಳಿ ತಗುಲಿದ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳೇ ಗೀರು ಹಾಕುತ್ತದೆ, ಮೊದಲು ಸಿಹಿನೀರಿನ ಒದ್ದೆ ಬಟ್ಟೆ ಒತ್ತಿ ತೆಗೆಯಿರಿ. ಕಾಂಡ್ಲಾದ ಉಸಿರುಬೇರುಗಳು ಮೊಳೆಯಂತೆ ಎದ್ದಿರುತ್ತವೆ, ಚಪ್ಪಲಿ ನಡೆಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದು ಡಿಸೆಂಬರ್‌ನಲ್ಲಿ ರಜೆಯಿದ್ದರೆ ಚಿಲಿಕಾ. ಎರಡು ರಾತ್ರಿ ಮಂಗಲಾಜೋಡಿ ಕಡೆ, ಒಂದು ದಿನ ಸಾತಪಾಡಾ. ವರ್ಷದ ಕೊನೆಯ ವಾರ ಮಾತ್ರ ಬಿಟ್ಟುಬಿಡಿ, ಪಿಕ್‌ನಿಕ್ ಗದ್ದಲದಲ್ಲಿ ಹಕ್ಕಿ ದೂರ ಸರಿದಿರುತ್ತದೆ. ಕಾಡಿನೊಳಗೆ ಉಳಿಯುವ ಆಸೆ, ಮೂರು ನಾಲ್ಕು ದಿನದ ಬಿಡುವು ಇರುವವರಿಗೆ ಡಿಸೆಂಬರ್ ಅಥವಾ ಫೆಬ್ರವರಿಯ ಭಿತರ್‌ಕನಿಕಾ. ನಡೆದು ನೋಡುವವರಿಗೆ, ದೋಣಿಯೆಂದರೆ ಹೆದರುವವರಿಗೆ, ಜನವರಿ ಕೊನೆಯಿಂದ ಫೆಬ್ರವರಿಯ ಕೋಡಿಯಕ್ಕರೈ.

ಆಂಧ್ರದ ಎರಡು ಬದಲಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ಕಾಕಿನಾಡದ ಬಳಿಯ ಕೋರಿಂಗದಲ್ಲಿ ಕಾಂಡ್ಲಾ ನಡುವೆಯೇ ಮರದ ಹಲಗೆಯ ದಾರಿ ಇದೆ, ಅರ್ಧ ದಿನ ಸಾಕು. ಸುಳ್ಳೂರುಪೇಟೆ ಕಡೆಯ ಪುಲಿಕಾಟ್‌ನಲ್ಲಿ ರಾಜಹಂಸ, ಪಕ್ಕದ ನೇಲಪಟ್ಟುವಿನಲ್ಲಿ ಹೆಜ್ಜಾರ್ಲೆಗಳ ಗೂಡು. ಒಡಿಶಾಕ್ಕೆ ಗಾಳಿ ಬಂದಾಗ ಪುಲಿಕಾಟ್ ಹಲವು ಬಾರಿ ತೆರೆದೇ ಇರುತ್ತದೆ.

ಗಾಳಿ ದಾಟಿದ ಮೇಲೆ

ಮತ್ತೆ ತೆರೆಯುವುದರಲ್ಲಿ ಮೂರಕ್ಕೂ ಅಜಗಜಾಂತರ. ಕಾಂಡ್ಲಾ ಕಾಡು ಗಾಳಿಯನ್ನು ತಾಳಿಕೊಳ್ಳಲೆಂದೇ ಬೆಳೆದದ್ದು. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಕೇಂದ್ರಪಾಡದ ಹಳ್ಳಿಗಳ ಪೈಕಿ ಕಡಲಿಗೂ ತಮಗೂ ನಡುವೆ ಅಗಲ ಕಾಂಡ್ಲಾ ಇದ್ದ ಕಡೆ ಸಾವು ಕಡಿಮೆ ಆಗಿತ್ತು ಎಂದು ಮುಂದೆ ನಡೆದ ಅಧ್ಯಯನ ತೋರಿಸಿತು. ಗಾಳಿ ಹೋದ ಮೇಲೆ ಅಲ್ಲಿ ಕೆಲಸ ಉಳಿಯುವುದು ಜೆಟ್ಟಿ, ಕಾಲುದಾರಿ, ವಿದ್ಯುತ್ತಿನದು. ಚಿಲಿಕಾದಲ್ಲಿ ನೀರು ಬೇಗ ಶಾಂತವಾಗುತ್ತದೆ, ಆದರೆ ಕದಡಿದ ನೀರು ತಿಳಿಯಾಗಲು, ಹಕ್ಕಿಗಳು ಮತ್ತೆ ನೆಲೆಯೂರಲು ಸಮಯ ಬೇಕು. ಫಾನಿಯ ನಂತರ ಕಡಲ ಕಡೆ ಹೊಸ ಬಾಯಿಗಳೇ ತೆರೆದುಕೊಂಡಿದ್ದವು, ಹೊರಗಾಲುವೆಯ ಹಳೆಯ ದೋಣಿದಾರಿ ಹಾಗೇ ಇದೆಯೆಂದು ನಂಬುವಂತಿರಲಿಲ್ಲ.

ಕೋಡಿಯಕ್ಕರೈಗೆ ಪೆಟ್ಟು ಆಳ. ಗಜ ಬೀಸಿದಾಗ ಒಣ ಕಾಡಿನ ಮರಗಳು ಬುಡಮೇಲಾದವು, ಕೃಷ್ಣಮೃಗಗಳೂ ಕುದುರೆಗಳೂ ಸತ್ತವು. ಒಣ ನೆಲದ ಮರ ಮತ್ತೆ ಬೆಳೆಯುವುದು ನಿಧಾನ, ಬಿದ್ದ ಮರ ತೆಗೆಯದೆ ದಾರಿ ತೆರೆಯುವಂತಿಲ್ಲ, ಅರ್ಧ ಮುರಿದು ನೇತಾಡುವ ಕೊಂಬೆಗಳಡಿ ಜನರನ್ನು ಬಿಡುವಂತೆಯೂ ಇಲ್ಲ. ಆದ್ದರಿಂದ ಬಿರುಗಾಳಿಯ ಸುದ್ದಿ ತಣ್ಣಗಾಯಿತೆಂದು ಮರುವಾರವೇ ಹೊರಡಬೇಡಿ. ವಲಯ ಕಚೇರಿಗೆ ಫೋನ್ ಮಾಡಿದಾಗ "ತೆರೆದಿದೆಯಾ?" ಎಂದಷ್ಟೇ ಕೇಳಿದರೆ ಹೌದು ಎಂಬ ಉತ್ತರ ಸಿಕ್ಕೀತು. ಯಾವ ಗೇಟು, ಯಾವ ಹಾದಿ, ಜೆಟ್ಟಿ ಸರಿಯಾಗಿದೆಯಾ, ಕೋಣೆಗಳಲ್ಲಿ ಕರೆಂಟು ಮತ್ತು ಕುಡಿಯುವ ನೀರು ಬಂದಿದೆಯಾ, ದೋಣಿಯವರು ಕೆಲಸಕ್ಕೆ ಮರಳಿದ್ದಾರಾ ಎಂದು ಒಂದೊಂದಾಗಿ ಕೇಳಿ. ಆ ದೋಣಿಯವರಲ್ಲಿ ಹಲವರು ಅದೇ ಹೊತ್ತಿನಲ್ಲಿ ತಮ್ಮ ಮನೆಯ ಚಾವಣಿ ಹೊದಿಸುತ್ತಿರುತ್ತಾರೆ.